ಮುಗಿಯಿತೆಂದು ನಂಬಿದ ಕಾಲು

“ನನ್ನ ಮೈದುನ ಬದುಕ್ತಿದ್ದ ಕಣಮ್ಮ. ನಮ್ ಚರ್ಚಿನ ಸಭೆಯೋರೆಲ್ಲ ಉಪವಾಸ ಕೂತು ಪ್ರಾರ್ಥನೆ ಮಾಡ್ತಿದ್ವಿ. ಇವಳು ತಡ್ಕೊಳ್ಲಿಲ್ಲ, ಆಸ್ಪತ್ರೆಗೆ ಎತ್ಕೊಂಡೋದ್ಲು. ನಂಬಿಕೆ ಸಾಲ್ದೆ ಹೋಯ್ತು, ಅಷ್ಟೇ.”

ನೆಲಮಂಗಲದ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತು ರೆಬೆಕ್ಕಮ್ಮ ಇದನ್ನು ಹೇಳುತ್ತಿದ್ದುದು ಆಗಷ್ಟೇ ಪರಿಚಯವಾದ ನರಸಮ್ಮನಿಗೆ. ಆಕೆಯ ಮಗಳೂ ಓಟಕ್ಕೆ ಬಂದಿದ್ದಳು. ‘ಇವಳು’ ಎನಿಸಿಕೊಂಡ ಓರಗಿತ್ತಿ, ಆ ಮೈದುನನ ಹೆಂಡತಿ ಸುಗುಣ ಪಕ್ಕದಲ್ಲೇ ಇದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಕೂರಲಾರದೆ ಎದ್ದು ಹಗ್ಗದ ಬಳಿ ಹೋಗಿ ನಿಂತಳು.

ಜಗಳವಿದ್ದವರು ಒಬ್ಬರನ್ನೊಬ್ಬರು ಕ್ಷಮಿಸದೆ, ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ಮುಟ್ಟಬಾರದೆಂಬುದು ಅವರ ಸಭೆಯ ರೂಢಿ. ಹೋದ ತಿಂಗಳು ಇದೇ ಮಾತಿಗಾಗಿ ಇದೇ ಅಕ್ಕನ ಕೈ ಹಿಡಿದು ಸುಗುಣ ಎಲ್ಲರೆದುರು ‘ಕ್ಷಮಿಸಿದ್ದೀನಿ’ ಎಂದಿದ್ದಳು. ಬಾಯಿಮಾತಿಗಲ್ಲ, ಮನಸಾರೆ. ಅವತ್ತು ಮನೆಗೆ ಬರುವಾಗ ಎದೆ ಹಗುರಾಗಿತ್ತು. ನಾಳೆ ಮತ್ತೆ ಕರ್ತನ ಭೋಜನ. ರೊಟ್ಟಿಯ ತಟ್ಟೆ ಬಂದರೆ ಮುಟ್ಟದೆ ಮುಂದಕ್ಕೆ ದಾಟಿಸುವುದು, ಇಲ್ಲವೇ ಆ ಸಭೆಗೆ ಕಾಲೇ ಇಡದಿರುವುದು. ಎರಡರಲ್ಲಿ ಒಂದು ಆಗಲೇಬೇಕು ಅನ್ನಿಸುತ್ತಿತ್ತು ಅವಳಿಗೆ.

ಮೈದಾನದಲ್ಲಿ ಮಗಳು ಕೀರ್ತನ ಎಲ್ಲರಿಗಿಂತ ಮುಂದಿದ್ದಳು. ಮೂರು ಸಾವಿರ ಮೀಟರ್ ಓಟ. ಮೈದಾನ ಚಿಕ್ಕದು, ಸುತ್ತಿದಷ್ಟೂ ಸುತ್ತು. ಇದ್ದಕ್ಕಿದ್ದಂತೆ ಹುಡುಗಿ ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಸುರಿದು, ಸುಣ್ಣದ ಗೆರೆ ದಾಟಿ, ಕೈಯೆರಡೂ ಮೇಲೆತ್ತಿ, ಅಂಗಾತ ಬಿದ್ದಳು.

ಮೇಷ್ಟ್ರು ಸೀಟಿ ಊದುತ್ತ ಓಡಿಬಂದರು. “ಏಳಮ್ಮ, ಏಳು. ಇನ್ನೊಂದ್ ರೌಂಡ್ ಐತೆ.”

“ಮುಗೀತಲ್ಲ ಸಾರ್. ಎಣಿಸ್ಕೊಂಡೇ ಓಡ್ದೆ.”

“ಎಣಿಸಿದ್ದೇ ತಪ್ಪು. ಓಡೋದಾದ್ರೆ ಏಳು, ಇಲ್ಲಾಂದ್ರೆ ಆಚೆ ಬಾ.”

ಹಿಂದಿದ್ದವರು ಒಬ್ಬೊಬ್ಬರಾಗಿ ಅವಳನ್ನು ದಾಟಿಹೋದರು. ಕೀರ್ತನ ಅಮ್ಮನ ಕಡೆ ನೋಡಿದಳು. ಮೋಸಹೋದವಳ ಮುಖ. ಅಕ್ಕನ ಮಾತು ಕೇಳಿದಾಗಿನಿಂದ ತನಗಿದ್ದದ್ದೂ ಅದೇ ಮುಖ ಎಂದು ಸುಗುಣಳಿಗೆ ಆಗ ಹೊಳೆಯಿತು.

“ಕರ್ಕೊಂಬಾರೇ ಅದನ್ನ,” ಹಿಂದಿನಿಂದ ರೆಬೆಕ್ಕಮ್ಮ ಕೂಗಿದಳು. “ಅಪ್ಪ ಇಲ್ದಿರೋ ಮಗು. ಓಡೋಡಿ ಎದೆ ಒಡ್ಕೊಂಡ್ರೆ ಏನ್ ಮಾಡ್ತೀಯ?”

ಸುಗುಣ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದಳು. ಕೀರ್ತನ ಮೊಣಕಾಲೂರಿ ಎದ್ದಳು. ಅದು ಓಟವಲ್ಲ, ಬೇರೆ ಯಾರದೋ ಕಾಲನ್ನು ಎಳೆದುಕೊಂಡು ಹೋದಂತೆ. ಅವಳು ಸುತ್ತು ಮುಗಿಸುವಷ್ಟರಲ್ಲಿ ಗೆದ್ದ ಹುಡುಗಿ ನೀರು ಕುಡಿದು ಶೂ ಬಿಚ್ಚುತ್ತಿದ್ದಳು.

“ಇದೊಂದ್ ರೌಂಡೇ ಕಣಮ್ಮ ಪ್ರಾಣ ತೆಗ್ದಿದ್ದು,” ಕೀರ್ತನ ಹಗ್ಗಕ್ಕೆ ಜೋತುಬಿದ್ದಳು. “ಮುಗೀತು ಅಂತ ಕಾಲು ನಂಬ್ಬಿಟ್ಟಿತ್ತು.”

“ಹೆಂಗೆ ಎದ್ದೆ ಮತ್ತೆ?”

“ಸಿಟ್ಟಲ್ಲೇ ಎದ್ದೆ. ಸಿಟ್ಟಿಳಿದ್ಮೇಲೆ ಓಡೋಣ ಅಂತ ಕೂತಿದ್ರೆ ಗೇಟ್ ಹಾಕ್ಕೊಂಡು ಹೋಗಿರೋರು.”

ರೆಬೆಕ್ಕಮ್ಮ ಬಂದವಳೇ ತನ್ನ ಸೆರಗಿನಿಂದ ಹುಡುಗಿಯ ಮುಖ, ಕತ್ತು ಒರೆಸಿದಳು. ಒರೆಸುತ್ತಲೇ, ಏನೂ ಆಗಿಲ್ಲವೆಂಬಂತೆ ಕೇಳಿದಳು: “ನಾಳೆ ಸಭೇಲಿ ನನ್ ಪಕ್ಕ ನಿಂಗೆ ಜಾಗ ಹಿಡ್ದಿರ್ಲಾ ಸುಗುಣ?”

ಸುಗುಣಳ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

“ಹಿಡೀರಿ ಅಕ್ಕ,” ಎಂದಳು. ಅಷ್ಟು ಹೇಳುವುದರೊಳಗೆ ಅವಳಿಗೆ ಮಗಳಿಗಿಂತ ಜೋರಾಗಿ ಏದುಸಿರು ಬಂದಿತ್ತು.