ಮಾವನ ಬೈಕಿನ ಟಕಟಕ

ಬಿಸಿ ಆಯಿಲ್ ವಾಸನೆ ಬಂದರೆ ಇವತ್ತಿಗೂ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳುತ್ತೇನೆ.

ಹಿಂದೂಪುರದ ಮನೆಯಂಗಳದಲ್ಲಿ ಮಾವ ಹಳೇ ಬೈಕಿನ ಎಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದ. ಮುನಿಸಿಕೊಂಡು ಕಲ್ಯಾಣದುರ್ಗದ ತವರಿಗೆ ಹೋಗಿದ್ದ ಅತ್ತೆಯನ್ನು ಅದರ ಮೇಲೆ ಕರೆತರುವ ಆತುರ ಅವನಿಗೆ. ಎಂಜಿನ್ನಿನೊಳಗೆ ಸಡಿಲವಾದರೆ ಟಕಟಕ ಅನ್ನುವ ಟ್ಯಾಪೆಟ್ಟಿನ ಸದ್ದು ಕೇಳಿ ಹೇಳುವ ಕೆಲಸ ಎಂಟು ವರ್ಷದ ಮಹಾ ಮೆಕ್ಯಾನಿಕ್ ಆದ ನನ್ನದು.

"ಟಕಟಕ ಅಂತೈತಾ, ಪಾಪಾ?"

"ಇನ್ನಾ ಅಂತೈತೆ ಮಾವ!"

ಅವನು ಎಂಜಿನ್ ನಿಲ್ಲಿಸಿ ಸ್ಕ್ರೂ ಬಿಗಿ ಮಾಡಿ ಮತ್ತೆ ಕಿಕ್ ಹೊಡೆಯುತ್ತಿದ್ದ. ಹೀಗೆ ನಾಲ್ಕು ಸಲ ಆಯಿತು. ಐದನೇ ಸಲ ಎಂಜಿನ್ ಸ್ಟಾರ್ಟೇ ಆಗಲಿಲ್ಲ. ಆದರೂ ನಾನು ಗಂಭೀರವಾಗಿ, "ಇನ್ನಾ ಟಕಟಕ ಅಂತೈತೆ!" ಅಂದೆ. ಮಾವ ಮತ್ತೆ ಸ್ಕ್ರೂಗೆ ಕೈ ಹಾಕಿದ.

ಬಾಗಿಲಿಗೆ ಬಂದ ಅಜ್ಜಿ ಹಣೆ ಚಚ್ಚಿಕೊಂಡಳು. "ಅದು ಪಕ್ಕದ್ಮನೆ ಮಗ್ಗ ಕಣೇ!" ಎಂದು ಮಾವನ ಕಡೆ ತಿರುಗಿದಳು. "ಅವ್ಳೇನೋ ಮಗು, ನಿನ್ ಕಿವಿಗೇನ್ಲಾ ಆಗೈತೆ?"

ಮಾವ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. "ಆ ಮಗ್ಗದ ಸದ್ದಲ್ಲೇ ದುಡುದು ಎಡಗಿವಿ ಪೂರಾ ಹೋಗೈತೆ ಕಣಮ್ಮ. ನಿನ್ ಸೊಸೆ ಆ ಕಡೆಯಿಂದ ಕೂಗ್ದಾಗ ನಂಗೆ ಕೇಳ್ಸ್ತಿರ್ಲಿಲ್ಲ. ನಾನು ಬೇಕಂತ್ಲೇ ಮಾತಾಡಲ್ಲ ಅಂತ ಹೊಂಟೋದ್ಲು."

ಅಜ್ಜಿಯ ದನಿ ತಗ್ಗಿತು. "ಇದ್ನ ಅವ್ಳ ಮುಂದೇನೇ ಹೇಳೋಗಪ್ಪ. ಬಸ್ಸೈತೆ."

ಮರುದಿನ ಬಸ್ಸಿಳಿದು ಬರುವಾಗ ಅತ್ತೆ ಮಾವನ ಬಲಗಡೆಗೇ ನಡೆಯುತ್ತಿದ್ದಳು.