ಜಯಗೀತೆಯ ಅಭ್ಯಾಸ

"ನಾಳೆ ಮಧ್ಯಾಹ್ನ ನಮ್ಮ ದಂಡು ಗೆದ್ದು ಬೆಟ್ಟ ಇಳಿಯುತ್ತೆ. ನೀವು ಬೀದಿ ತುದೀಲಿ ನಿಂತು ಜಯಗೀತೆ ನುಡಿಸಬೇಕು. ಇವತ್ತೇ ಅಭ್ಯಾಸ ಮಾಡ್ಕೊಳ್ಳಿ. ಆದ್ರೆ ಬೆಳಗಿನ ಜಾವದ ದಾಳಿ ವಿಷಯ ಒಬ್ಬರ ಕಿವಿಗೂ ಬೀಳಬಾರದು," ಎಂದು ಹೇಳಿ ಕ್ಯಾಪ್ಟನ್ ಜೀಪು ಹತ್ತಿದ.

ಬ್ಯಾಂಡ್ ಮೇಷ್ಟ್ರು ಟ್ರಂಪೆಟ್ಟು ಕೆಳಗಿಟ್ಟು ಬಾಗಿಲು ಹಾಕಿಕೊಂಡರು. ಬೆಟ್ಟದ ಮೇಲಿನ ಬಂಡುಕೋರರಲ್ಲಿ ಅವರ ಮಗಳೂ ಇದ್ದಳು. ಊರವರ ಪಾಲಿಗೆ ಮಾತ್ರ ಅವಳು ದೂರದೂರಿನಲ್ಲಿ ನರ್ಸು.

"ಅಣ್ಣಾ, ಹೇಗಾದ್ರೂ ಹೇಳಿ ಕಳಿಸೋಣ," ಎಂದ ಡ್ರಮ್ಮು ಬಾರಿಸುವ ತಮ್ಮ.

"ಯಾರ ಕೈಲಿ? ದಾರಿ ತುಂಬಾ ಪಹರೆ. ನಾಯಿ ಹೋದ್ರೂ ತಡೀತಾರೆ."

"ಹಾಗಂತ ಕೈಕಟ್ಟಿ ಕೂರೋದಾ? ನಾವೇ ಎತ್ತಿ ಆಡಿಸಿದ ಕೂಸು ಅದು."

ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದ ಮೇಷ್ಟ್ರು ತಟ್ಟನೆ ನಿಂತರು. "ಲೋ, ಅವಳು ನಮ್ಮನ್ನ ಏನಂತ ಬೈತಿದ್ಲು, ನೆನಪಿದೆಯಾ?"

ನೆನಪಿಲ್ಲದೆ ಏನು. ಇದೇ ಬ್ಯಾಂಡಿನಲ್ಲಿ ಬೆಳೆದವಳು. ಕಾರ್ಯಕ್ರಮದ ಹಿಂದಿನ ಸಂಜೆಯ ತನಕ ವಾದ್ಯ ಮುಟ್ಟದ ಸೋಮಾರಿಗಳು ಎಂದು ಇಬ್ಬರನ್ನೂ ಹುರಿದು ಮುಕ್ಕುತ್ತಿದ್ದಳು. ಇವತ್ತು ಜಯಗೀತೆ ಕೇಳಿಸಿತೆಂದರೆ ನಾಳೆ ಮೆರವಣಿಗೆ, ಅದಕ್ಕೂ ಮುಂಚೆ ದಾಳಿ. ಇಷ್ಟು ಅರ್ಥವಾಗದ ಪೆದ್ದಿ ಅವಳಲ್ಲ.

ಇಬ್ಬರೂ ಎದ್ದೆನೋ ಬಿದ್ದೆನೋ ಎಂದು ತಾರಸಿಗೆ ಓಡಿದರು. ಹಿಂದೆಯೇ ಬೆಟ್ಟ. ಮೇಷ್ಟ್ರು ಕೆನ್ನೆ ಉಬ್ಬಿಸಿ ಅದರ ಕಡೆಗೇ ಊದಿದರು. ಡ್ರಮ್ಮಿನ ಚರ್ಮ ಹರಿಯುವಂತೆ ತಮ್ಮ ಬಾರಿಸಿದ. ಭಯದ ನಡುವೆಯೂ ಏನೋ ಹುಚ್ಚು ಖುಷಿ. ಅಷ್ಟರಲ್ಲಿ ಕೆಳಗೆ ಜೀಪು ಬಂದು ನಿಂತಿತು. ತಮ್ಮನ ಕೋಲು ತಾಳ ತಪ್ಪಿತು.

ಕ್ಯಾಪ್ಟನ್ ತಲೆ ಹೊರಹಾಕಿದ. "ಭೇಷ್. ಇನ್ನೂ ಜೋರಾಗಿ ಬರಲಿ."

ಸಾಹೇಬರ ಮಾತು ಮೀರುವುದುಂಟೆ? ಕತ್ತಲಾಗುವವರೆಗೂ ನುಡಿಸಿದರು.

ಮರುದಿನ ದಂಡು ಬರಿಗೈಯಲ್ಲಿ ಬೆಟ್ಟ ಇಳಿಯಿತು. ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲವಂತೆ, ಬರೀ ಆರಿದ ಒಲೆಗಳು. ಅದನ್ನು ಕೇಳಿದ ತಮ್ಮ, ಡ್ರಮ್ಮಿನ ಮೇಲೆ ಬಗ್ಗಿ ಕಣ್ಣೊರೆಸಿಕೊಂಡ. ಕ್ಯಾಪ್ಟನ್ನನ ಮುಖ ಕಪ್ಪಿಟ್ಟಿತ್ತು.

"ಇವತ್ತು ಹಾಡು ಬೇಡ. ಮುಂದಿನ ಸಲ ಅವರನ್ನ ಬಿಡಲ್ಲ. ಆಗಲೂ ನೀವೇ ನುಡಿಸಬೇಕು."

"ಧಾರಾಳವಾಗಿ ಸಾಹೇಬ್ರೇ," ಮೇಷ್ಟ್ರು ಕೈಮುಗಿದರು. "ಒಂದು ದಿನ ಮುಂಚೆ ಹೇಳಿಬಿಡಿ, ಸಾಕು. ಅಭ್ಯಾಸ ಮಾಡ್ಕೋಬೇಕಲ್ಲ."