ಎರಡನೇ ಗುಂಡಿ

ಅಳತೆಪಟ್ಟಿಯ ತುದಿಯನ್ನು ಅಪ್ಪನ ಹಿಮ್ಮಡಿಯ ಬಳಿ ನೆಲಕ್ಕೊತ್ತಿ, ಮಗಳು ಅದನ್ನು ಅವನ ಅಂಗಿಯ ಎರಡನೇ ಗುಂಡಿಯವರೆಗೆ ಎಳೆದಳು. ನೂರಿಪ್ಪತ್ತೊಂದು ಸೆಂಟಿಮೀಟರ್.

“ಏನಮ್ಮಾ, ನನ್ನನ್ನೂ ಮರದ ಲೆಕ್ಕಕ್ಕೆ ಸೇರಿಸ್ಕೊಂಡ್ಯಾ?” ಅಪ್ಪ ನಕ್ಕ.

ಅವಳಿಗೆ ನಗು ಬರಲಿಲ್ಲ. ಮರದ ಸುತ್ತಳತೆಯನ್ನು ನೆಲದಿಂದ ನೂರಮೂವತ್ತು ಸೆಂಟಿಮೀಟರ್ ಮೇಲೆ ಹಿಡಿಯಬೇಕು. ಮರ ಅಳೆಯುವ ಕೆಲಸಕ್ಕೆ ಸೇರಿದಾಗ ತನ್ನ ಎರಡನೇ ಗುಂಡಿ ಸರಿಯಾಗಿ ಅಲ್ಲಿಗೇ ಬರುತ್ತದೆಂದು ಅಪ್ಪ ಅಳತೆಕೋಲನ್ನು ಮೂಲೆಗೆಸೆದು, ಗುಂಡಿಯ ಮಟ್ಟಕ್ಕೇ ಪಟ್ಟಿ ಸುತ್ತತೊಡಗಿದ್ದ. ಕಳೆದ ಹತ್ತು ವರ್ಷವೂ ಅವನ ಪುಸ್ತಕದಲ್ಲಿ ಮರಗಳು ದಪ್ಪವಾಗುತ್ತಲೇ ಬಂದಿದ್ದವು. ಉಪಗ್ರಹದ ಚಿತ್ರಗಳಿಂದ ಕಾಡಿನ ತೂಕ ಅಂದಾಜಿಸುವ ಮಗಳಿಗೆ ಮಾತ್ರ ಆಕಾಶದಿಂದ ಆ ಬೆಳವಣಿಗೆ ಕಂಡಿರಲಿಲ್ಲ. ಅಪ್ಪ ಸುಳ್ಳು ಬರೆಯುವವನಲ್ಲವೆಂದು ಅವಳು ಉಪಗ್ರಹದ ಅಂಕಿಗಳನ್ನೇ ತಿದ್ದಿ, ನಕಾಶೆಗೆ ದಟ್ಟ ಹಸಿರು ತುಂಬಿದ್ದಳು. ಕಥೆಯ ರಾಕ್ಷಸನ ಪ್ರಾಣ ಏಳು ಕಡಲಾಚೆಯ ಗಿಳಿಯಲ್ಲಿದ್ದಂತೆ ಅಪ್ಪನ ಪ್ರಾಣ ಆ ಕಾಡಿನಲ್ಲಿತ್ತು.

“ಅಪ್ಪಾ, ನಿನ್ನ ಬೆನ್ನು ಬಾಗಿದೆ. ವರ್ಷ ವರ್ಷ ಒಂದಿಷ್ಟು ಕೆಳಗೇ ಅಳೆದಿದ್ದೀಯ. ಬುಡದ ಕಡೆ ಹೋದಷ್ಟೂ ಮರ ದಪ್ಪ ತಾನೇ?”

ಅಪ್ಪ ಗುಂಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡ. “ಹಾಗಾದ್ರೆ ನನ್ನ ಕಾಡು?”

“ಬೆಳೆಯೋದು ನಿಲ್ಲಿಸಿ ಹತ್ತು ವರ್ಷ ಆಯ್ತು, ಅಪ್ಪಾ. ಮೇಲಿಂದ ಕಂಡದ್ದೇ ನಿಜ.”

ಅವನು ಗೋಡೆಯ ಬಳಿ ಹೋಗಿ ಬೆನ್ನು ಕೊಟ್ಟು ನಿಂತ. ಹಿಮ್ಮಡಿಗಳನ್ನು ಗೋಡೆಗೊತ್ತಿ, ಗದ್ದವೆತ್ತಿ, ಕಣ್ಣಲ್ಲಿ ನೀರು ಬರುವಷ್ಟು ಎದೆ ಸೆಟೆಸಿದ.

“ಈಗ ಹಿಡಿ ನೋಡೋಣ ಅಳತೆ,” ಎಂದ.

ಅವನ ತಲೆಗೂ ಗೋಡೆಗೂ ನಡುವೆ ಇನ್ನೂ ಒಂದು ಗೇಣು ಉಳಿದಿತ್ತು.